ಸೀಸದ ನಾಣ್ಯಗಳ ಮೇಲೆ ಬಿಳಿ ಪುಡಿ: ಚಿತ್ರದುರ್ಗದ ಒಂದು ಪ್ರದರ್ಶನ ಕೋಣೆಯ ಪ್ರಕರಣ ಅಧ್ಯಯನ

ಉದ್ಘಾಟನೆ ಆದದ್ದು ಏಪ್ರಿಲ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಗಣೇಶನ ಹಬ್ಬದ ರಜೆ ಮುಗಿಸಿ ಕೋಣೆಯ ಬೀಗ ತೆಗೆದ ದಿನ, ಮೂರು ನಾಣ್ಯಪೆಟ್ಟಿಗೆಗಳಲ್ಲಿದ್ದ 46 ಸೀಸದ ನಾಣ್ಯಗಳ ಪೈಕಿ 31ರ ಮೇಲೆ ಬಿಳಿ ಪುಡಿ ಕಾಣಿಸಿತು. ದೂರದಿಂದ ನೋಡಿದರೆ ಯಾರೋ ರಂಗೋಲಿ ಹಿಟ್ಟು ಉದುರಿಸಿದ ಹಾಗೆ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದಾಗ ಬೇರೆಯೇ ಕಂಡಿತು: ಎತ್ತಿನ ಹಿಣಿಲಿನ ಅಂಚಿನಲ್ಲಿ, ಅಕ್ಷರಗಳ ಬುಡದಲ್ಲಿ, ಲೋಹದ ಒಳಗಿಂದಲೇ ಉಕ್ಕಿ ಬಂದಂಥ ಸಣ್ಣ ಬಿಳಿ ಗಂಟುಗಳು. ಎಲ್ಲೆಲ್ಲಿ ಗಂಟು ಉದುರಿತ್ತೋ ಅಲ್ಲಿ ಗುಳಿ. ಪಕ್ಕದ ಸಾಲಿನ ಬೆಳ್ಳಿ ನಾಣ್ಯಗಳು ಹೊಗೆ ಹಿಡಿದ ಪಾತ್ರೆಯಂತೆ ಕಂದಿದ್ದವು. ಗಾಜಿನ ಒಳಮೈಗೆ ಬೆರಳಾಡಿಸಿದರೆ ಗೆರೆ ಮೂಡುವಷ್ಟು ಮಸುಕು ಕಟ್ಟಿತ್ತು.

ಈ ಸಂಗ್ರಹಾಲಯ ಚಿಕ್ಕದು: ದಪ್ಪ ಕಲ್ಲುಗೋಡೆಯ, ಸುಣ್ಣದ ಗಿಲಾವಿನ ಎರಡು ಕೋಣೆ, ಒಟ್ಟು ಹನ್ನೊಂದು ಷೋಕೇಸ್. ಹೆಸರು ಬೇಕಿಲ್ಲ. ಇಂಥ ಪೆಟ್ಟಿಗೆಗಳು ಕಾಲೇಜುಗಳಲ್ಲಿ, ಮಠಗಳಲ್ಲಿ, ಗ್ರಂಥಾಲಯಗಳಲ್ಲಿ ನಾಡಿನ ತುಂಬ ಇವೆ. ಇಲ್ಲಿ ಆದದ್ದು ಅಲ್ಲೂ ಆಗುತ್ತಿದೆ, ನೋಡಿದವರಿಲ್ಲ ಅಷ್ಟೆ.

ಚಿತ್ರದುರ್ಗದಲ್ಲಿ ಸೀಸದ ನಾಣ್ಯವೆಂದರೆ ಸಣ್ಣ ಮಾತಲ್ಲ. ಕೋಟೆ ಬೆಟ್ಟದ ಪಶ್ಚಿಮಕ್ಕಿರುವ ಚಂದ್ರವಳ್ಳಿ ಕಣಿವೆಯಲ್ಲಿ, ಹಾಗೂ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿಯ ದಿನಾರಿಗಳೂ ಸಿಕ್ಕಿವೆ. ಆದರೆ ಈ ನೆಲದ್ದೇ ಆದ ನಾಣ್ಯವೆಂದರೆ ಶಾತವಾಹನರ ಕಾಲದ ಸ್ಥಳೀಯ ಅಧಿಪತಿಗಳಾದ ಸದಕಣ ಮಹಾರಠಿಗಳ ಸೀಸದ ನಾಣ್ಯ: ಒಂದು ಬದಿ ಹಿಣಿಲಿನ ಎತ್ತು, ಇನ್ನೊಂದು ಬದಿ ಕಟಾಂಜನದೊಳಗಿನ ಮರ ಮತ್ತು ಚೈತ್ಯದ ಗುರುತು. ಸೀಸ ಮೆದು ಲೋಹ. ಅದರ ಮೇಲಿನ ಬರಹ ಒಂದು ಕೂದಲೆಳೆ ಸವೆದರೂ ಓದು ಕೈತಪ್ಪುತ್ತದೆ.

ಮೊದಲ ಪೆಟ್ಟಿಗೆ ಹೇಗಿತ್ತು

ನಾಣ್ಯಪೆಟ್ಟಿಗೆಗಳು ಮೇಜಿನ ಮಾದರಿಯವು, 1200×600 ಮಿ.ಮೀ. 19 ಮಿ.ಮೀ. ಎಂಆರ್ (ತೇವ ತಡೆಯುವ) ದರ್ಜೆಯ ಪ್ಲೈವುಡ್ ಮೈ, ಹೊರಗೆ ಮೈಕಾ, ಅಂಚಿಗೆ ತೇಗದ ಬೀಡಿಂಗು. ಒಳಗಿನ ಹಲಗೆ 6 ಮಿ.ಮೀ. ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ್ದು. ಅದರ ಮೇಲೆ ರಬ್ಬರ್ ಅಂಟಿನಿಂದ ಹಚ್ಚಿದ ಕೆಂಪು ಮಖಮಲ್ಲು. ಮೇಲೆ 5 ಮಿ.ಮೀ. ಸಾದಾ ಗಾಜು, ಕೂಡುಗಳಿಗೆ ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಸಿಲಿಕಾನ್, ಮುಚ್ಚಳದ ಸುತ್ತ ಕರಿ ರಬ್ಬರ್ ಬೀಡಿಂಗು. ಒಳಗೇ ಎಲ್‌ಇಡಿ ಪಟ್ಟಿ, ಅದರ ಅಡಾಪ್ಟರೂ ಒಳಗೇ. ಮೂಲೆಗಳ ಕೂಡು ನೋಡಿದರೆ ಬಡಗಿಯ ಕೈ ಪಳಗಿದ್ದೆಂದು ಗೊತ್ತಾಗುತ್ತಿತ್ತು. ಎಲ್ಲಿಯೂ ಸಂದಿಲ್ಲ, ಬಾಗಿಲು ಬೆಣ್ಣೆಯಂತೆ ಜಾರುತ್ತಿತ್ತು. ತಪ್ಪು ಬಡಗಿಯದಲ್ಲ. ಇಂಥ ಸಾಮಾನು ಬಳಸಬೇಡಿ ಎಂದು ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಪೆಟ್ಟಿಗೆಗಳು ಕೈಗೆ ಬಂದದ್ದು ಉದ್ಘಾಟನೆಗೆ ಆರು ದಿನ ಮೊದಲು, ಪಾಲಿಶ್ ವಾಸನೆ ಇರುವಾಗಲೇ ನಾಣ್ಯ ಒಳಗೆ ಹೋದವು.

ಸಂದಿಲ್ಲದ ಕೂಡೇ ಇಲ್ಲಿ ಮುಳುವಾಯಿತು. ಬಟ್ಟೆ ಅಂಗಡಿಯ ಷೋಕೇಸ್‌ನಲ್ಲಿ ಇದೇ ಸಾಮಾನು ಇದ್ದರೆ ಏನೂ ಆಗುವುದಿಲ್ಲ. ದಿನಕ್ಕೆ ನೂರು ಸಲ ತೆರೆಯುತ್ತಾರೆ, ಗಾಳಿ ಆಡುತ್ತದೆ. ಸಂಗ್ರಹಾಲಯದ ಪೆಟ್ಟಿಗೆಗೆ ತಿಂಗಳುಗಟ್ಟಲೆ ಬೀಗ. ಹಲಗೆ ಏನನ್ನು ಉಸಿರಾಡುತ್ತದೋ ನಾಣ್ಯ ಅದನ್ನೇ ಕುಡಿಯಬೇಕು.

ಕಾರಣ ಹಿಡಿದದ್ದು ಬೀರು

ಮೊದಲ ಗುಮಾನಿ ಮಳೆಗಾಲದ ತೇವದ ಮೇಲೆ ಹೋಯಿತು, ಎರಡನೆಯದು ಯಾರೋ ನಾಣ್ಯಗಳನ್ನು ತೊಳೆದಿರಬಹುದೆಂಬುದರ ಮೇಲೆ. ಎರಡನ್ನೂ ಅಲ್ಲಗಳೆದದ್ದು ಕಚೇರಿಯ ಕಬ್ಬಿಣದ ಬೀರು. ಅದೇ ರಾಶಿಯ ಇನ್ನೂ 60 ನಾಣ್ಯ ಪಾಲಿಥೀನ್ ಚೀಲಗಳಲ್ಲಿ ಅದರೊಳಗಿದ್ದವು. ಅದೇ ಕಟ್ಟಡ, ಅದೇ ಮಳೆಗಾಲ, ಅದೇ ತೇವ. ಒಂದಕ್ಕೂ ಪುಡಿ ಹತ್ತಿರಲಿಲ್ಲ, ಮೊದಲಿನ ಮಂಕು ಬೂದುಬಣ್ಣ ಹಾಗೇ ಇತ್ತು. ಬೇರೆಯಾಗಿದ್ದದ್ದು ಪೆಟ್ಟಿಗೆ ಮಾತ್ರ. ಬೆಳಗಿನ ಹೊತ್ತು ಮುಚ್ಚಳ ತೆರೆದ ಕೂಡಲೇ ಮೂಗಿಗೆ ಹುಳಿಘಾಟು ಬಡಿಯುತ್ತಿತ್ತು, ಉಪ್ಪಿನಕಾಯಿ ಭರಣಿ ತೆರೆದಂತೆ.

ಆ ಘಾಟು ಅಸಿಟಿಕ್ ಆಮ್ಲದ್ದು, ಜೊತೆಗೆ ಫಾರ್ಮಿಕ್ ಆಮ್ಲದ್ದು. ಮರ ತಾನಾಗಿಯೇ ಅಸಿಟಿಕ್ ಆಮ್ಲವನ್ನು ನಿಧಾನವಾಗಿ ಬಿಡುತ್ತದೆ. ಎಷ್ಟೋ ವರ್ಷ ಬಿಡುತ್ತಲೇ ಇರುತ್ತದೆ. ತೇಗ ಒಳ್ಳೆ ಮರ, ಗೆದ್ದಲು ಮುಟ್ಟದು ಅನ್ನುವುದು ನಿಜ, ಆದರೆ ಸೀಸಕ್ಕೆ ಅದೂ ಹಿತವಲ್ಲ. ಎಂಆರ್ ಪ್ಲೈವುಡ್ ಮತ್ತು ಎಂಡಿಎಫ್‌ನ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ಫಾರ್ಮಾಲ್ಡಿಹೈಡ್ ಬಿಡುತ್ತದೆ, ಅದು ಫಾರ್ಮಿಕ್ ಆಮ್ಲವಾಗಿ ಬದಲಾಗುತ್ತದೆ. ಮರಗೆಲಸದ ಬಿಳಿ ಅಂಟೂ ಅಸಿಟಿಕ್ ಆಮ್ಲ ಬಿಡುವಂಥದೇ. ಸಾಮಾನ್ಯ ಸಿಲಿಕಾನ್ ಒಣಗುವಾಗ ಹೊರಹಾಕುವುದೂ ಅದನ್ನೇ. ಟ್ಯೂಬಿನ ಮೂತಿ ಕತ್ತರಿಸಿದೊಡನೆ ಬರುವ ವಿನೆಗರ್ ವಾಸನೆ ಅದರದು. ಇದರ ಮೇಲೆ ಅಡಾಪ್ಟರಿನ ಬಿಸಿ: ಮಧ್ಯಾಹ್ನ ಕೋಣೆಯಲ್ಲಿ 32 ಡಿಗ್ರಿ ಇದ್ದರೆ ಪೆಟ್ಟಿಗೆಯೊಳಗೆ 39. ಬಿಸಿ ಏರಿದಂತೆ ಹಲಗೆ ಬಿಡುವ ಆವಿಯೂ ಏರುತ್ತದೆ.

ಅಸಿಟಿಕ್ ಆಮ್ಲದ ಆವಿ ಸೀಸದ ಮೇಲ್ಮೈಯನ್ನು ಲೆಡ್ ಅಸಿಟೇಟ್ ಮಾಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ತೇವ ಸೇರಿ ಅದನ್ನು ಬಿಳಿ ಲೆಡ್ ಕಾರ್ಬೊನೇಟ್ ಮಾಡುತ್ತವೆ. ಆಗ ಅಸಿಟಿಕ್ ಆಮ್ಲ ಬಿಡುಗಡೆಯಾಗಿ ಮತ್ತೆ ಹೊಸ ಸೀಸಕ್ಕೆ ಹತ್ತುತ್ತದೆ. ಹೀಗಾಗಿ ಸ್ವಲ್ಪವೇ ಆಮ್ಲ ಸಾಕು, ಅದು ಮುಗಿಯುವುದೇ ಇಲ್ಲ. ಹಿಂದೆ ಯುರೋಪಿನಲ್ಲಿ ಬಣ್ಣಕ್ಕಾಗಿ ಬಿಳಿ ಸೀಸ ತಯಾರಿಸುತ್ತಿದ್ದದ್ದೂ ಹೀಗೆಯೇ: ವಿನೆಗರ್ ಇರುವ ಮಡಕೆಯಲ್ಲಿ ಸೀಸದ ತಗಡಿಟ್ಟು, ಸುತ್ತ ಸಗಣಿಗೊಬ್ಬರ ಒಟ್ಟಿ, ತಿಂಗಳುಗಟ್ಟಲೆ ಮುಚ್ಚಿಡುತ್ತಿದ್ದರು. ಆ ಕಾರ್ಖಾನೆಯ ಸಣ್ಣ ರೂಪವೇ ಈ ಷೋಕೇಸ್. ಬೆಳ್ಳಿ ಕಂದಿದ್ದಕ್ಕೆ ಕಾರಣ ಬೇರೆ: ಗಂಧಕ ಹಾಕಿ ಗಟ್ಟಿ ಮಾಡಿದ ಕರಿ ರಬ್ಬರ್ ಬೀಡಿಂಗು ಮತ್ತು ರಬ್ಬರ್ ಅಂಟು.

ಅದೇ ದಿನ ಮಾಡಬೇಕಾದದ್ದು ಮೂರು ಕೆಲಸ. ಮಖಮಲ್ಲಿನ ಸಮೇತ ಹಲಗೆಯನ್ನು ಹೊರಗೆ ತೆಗೆಯುವುದು. ನಾಣ್ಯಗಳನ್ನು ಒಂದೊಂದಾಗಿ ಪಾಲಿಥೀನ್ ಚೀಲಕ್ಕೆ ಹಾಕಿ ಕಬ್ಬಿಣದ ಬೀರುವಿಗೆ ಸೇರಿಸುವುದು. ಪ್ರತಿಯೊಂದರ ಫೋಟೊ ತೆಗೆಯುವುದು. ಆ ಬಿಳಿ ಪುಡಿ ವಿಷ. ನೈಟ್ರೈಲ್ ಕೈಗವಸು, ಎನ್95 ಮಾಸ್ಕ್ ಇಲ್ಲದೆ ಮುಟ್ಟಕೂಡದು, ಬ್ರಷ್‌ನಿಂದ ಕೊಡವಕೂಡದು, ಬಾಯಿಂದ ಊದಲೇಕೂಡದು. ಮೇಜನ್ನು ಒದ್ದೆ ಕಾಗದದಿಂದ ಒರೆಸಿ ಆ ಕಾಗದವನ್ನು ಚೀಲದಲ್ಲಿ ಕಟ್ಟಬೇಕು. ಹುಣಸೆಹುಳಿ, ನಿಂಬೆ, ವಿಭೂತಿ ಹಾಕಿ ತಿಕ್ಕುವ ನಮ್ಮ ಮನೆಮದ್ದು ಹಿತ್ತಾಳೆ ದೀಪಕ್ಕೆ ಸರಿ. ಹುಳಿಯಿಂದಲೇ ಕೆಟ್ಟ ಸೀಸಕ್ಕೆ ಮತ್ತೆ ಹುಳಿ ಹಾಕಿದರೆ ಉಳಿದ ಅಕ್ಷರವೂ ಹೋಗುತ್ತದೆ. ಪುಡಿ ತೆಗೆಯುವುದು ಲೋಹ ಸಂರಕ್ಷಣೆ ಕಲಿತವರ ಕೆಲಸ. ಗುಳಿ ಬಿದ್ದಿದ್ದ ಒಂಬತ್ತು ನಾಣ್ಯಗಳನ್ನು ಪ್ರದರ್ಶನದಿಂದಲೇ ಕೈಬಿಡಬೇಕಾಯಿತು.

ಬಾಟಲಿಯಲ್ಲಿ ಪರೀಕ್ಷೆ

ಹೊಸ ಪೆಟ್ಟಿಗೆಗೆ ಏನು ಬಳಸಬಹುದು ಎಂಬುದನ್ನು ಅಂಗಡಿಯವರ ಮಾತಿನ ಮೇಲೆ ಬಿಡಲಾಗದು. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ರೂಪಿಸಿದ ಪರೀಕ್ಷೆಯೊಂದಿದೆ, ಅವರ ಹೆಸರಿನಲ್ಲೇ ಆಡಿ ಪರೀಕ್ಷೆ ಎನ್ನುತ್ತಾರೆ. ಗಾಜಿನ ಬಾಟಲಿಯೊಳಗೆ ಪರೀಕ್ಷಿಸಬೇಕಾದ ಸಾಮಾನಿನ ಚೂರು, ಹೊಳಪು ಬರುವಂತೆ ಉಜ್ಜಿದ ಸೀಸ, ತಾಮ್ರ, ಬೆಳ್ಳಿಯ ಒಂದೊಂದು ತುಂಡು, ಸಣ್ಣ ಕೊಳವೆಯಲ್ಲಿ ಒಂದಿಷ್ಟು ಭಟ್ಟಿಯಿಳಿಸಿದ ನೀರು. ಗಾಳಿಯಾಡದಂತೆ ಮುಚ್ಚಿ 60 ಡಿಗ್ರಿಯಲ್ಲಿ 28 ದಿನ. 50 ಮಿ.ಲೀ. ಬಾಟಲಿಗೆ 2 ಗ್ರಾಂ ಸಾಮಾನು, ಅರ್ಧ ಮಿ.ಲೀ. ನೀರು ಎಂಬುದು ಅಳತೆ. ಲೋಹದ ಮೂರು ತುಂಡು ಒಂದಕ್ಕೊಂದು ತಾಗಬಾರದು, ಸಾಮಾನಿಗೂ ತಾಗಬಾರದು. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಓವನ್ ಇದಕ್ಕೆ ಸಾಕು. ಎಲ್ಲಕ್ಕಿಂತ ಮುಖ್ಯ, ಏನೂ ಸಾಮಾನು ಹಾಕದ ಒಂದು ಬಾಟಲಿ ಪಕ್ಕದಲ್ಲಿರಬೇಕು. ಬಿಸಿ ಮತ್ತು ತೇವದಲ್ಲಿ ಬರಿ ಲೋಹವೇ ಅಷ್ಟಿಷ್ಟು ಮಂಕಾಗುತ್ತದೆ. ಆ ಬಾಟಲಿಯ ಪಕ್ಕ ಇಟ್ಟು ನೋಡದಿದ್ದರೆ ಒಳ್ಳೆಯ ಸಾಮಾನನ್ನೂ ತಿರಸ್ಕರಿಸಿಬಿಡುತ್ತೀರಿ.

ಎಂಡಿಎಫ್, ಪ್ಲೈವುಡ್, ವಿನೆಗರ್ ವಾಸನೆಯ ಸಿಲಿಕಾನ್: ಮೂರರಲ್ಲೂ ಸೀಸ ಬೆಳ್ಳಗಾಯಿತು. ಅಂಟು ಹಚ್ಚಿದ ಮಖಮಲ್ಲಿನ ಬಾಟಲಿಯಲ್ಲಿ ಬೆಳ್ಳಿ ಕಪ್ಪಾಯಿತು. ಪೌಡರ್ ಕೋಟಿಂಗ್ ಮಾಡಿದ ಉಕ್ಕು, ಬಿಳಿ ಇಪಿಇ (ಪಾಲಿಥೀನ್) ಫೋಮು, ಗಂಜಿ ತೆಗೆದ ಹತ್ತಿಬಟ್ಟೆ, ಅಕ್ರಿಲಿಕ್ ಹಾಳೆ ಇವು ಖಾಲಿ ಬಾಟಲಿಯ ಸಮಕ್ಕೆ ನಿಂತವು. ಅಚ್ಚರಿ ತಂದದ್ದು ‘ನ್ಯೂಟ್ರಲ್’ ಎಂದು ಟ್ಯೂಬಿನ ಮೇಲೆ ಬರೆದಿದ್ದ ಸಿಲಿಕಾನ್. ಸೀಸಕ್ಕೆ ಏನೂ ಆಗಿರಲಿಲ್ಲ, ತಾಮ್ರ ಮಾತ್ರ ಕಲೆಗಟ್ಟಿತ್ತು. ನ್ಯೂಟ್ರಲ್‌ನಲ್ಲಿ ಎರಡು ಜಾತಿ: ಒಣಗುವಾಗ ಆಕ್ಸೈಮ್ ಬಿಡುವುದು, ಆಲ್ಕೊಹಾಲ್ ಬಿಡುವುದು. ಆಕ್ಸೈಮ್ ಜಾತಿ ತಾಮ್ರಕ್ಕೆ ಆಗುವುದಿಲ್ಲ. ತಯಾರಕರ ತಾಂತ್ರಿಕ ಪತ್ರದಲ್ಲಿ ‘ಆಲ್ಕಾಕ್ಸಿ’ ಎಂದಿರುವುದನ್ನೇ ಕೇಳಿ ತರಬೇಕು.

28 ದಿನ ಕಾಯಲಾಗದ ಕಡೆ ಒಂದು ತಪಾಸಣೆಯನ್ನಾದರೂ ಐದು ನಿಮಿಷದಲ್ಲಿ ಮಾಡಬಹುದು. ತಾಮ್ರದ ತಂತಿಯನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ, ಅನುಮಾನದ ಪ್ಲಾಸ್ಟಿಕ್‌ಗೆ ತಾಗಿಸಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಅಂದರೆ ಹೆಚ್ಚಾಗಿ ಪಿವಿಸಿ. ವಿನೈಲ್ ಅಕ್ಷರ, ರೆಗ್ಸಿನ್, ಫೋಮ್ ಬೋರ್ಡ್ ಹೆಸರಿನಲ್ಲಿ ಬರುವ ಪಿವಿಸಿ ಹಾಳೆ ಪೆಟ್ಟಿಗೆಯ ಒಳಕ್ಕೆ ಬೇಡ. ಹೊಗೆ ಕೆಟ್ಟದ್ದು, ಬಯಲಲ್ಲಿ ಮಾಡಬೇಕು.

ಯಾವುದನ್ನು ಬದಲಿಸುವುದು, ಯಾವುದನ್ನು ಉಳಿಸುವುದು

ಹನ್ನೊಂದನ್ನೂ ಒಡೆಯುವ ಅಗತ್ಯ ಇರಲಿಲ್ಲ. ಐದರಲ್ಲಿದ್ದದ್ದು ಕಲ್ಲಿನ ಕೊಡಲಿಗಳು, ಸುಟ್ಟ ಮಣ್ಣಿನ ಗೊಂಬೆಗಳು, ಕಂದುಗೆಂಪು ಮೈಯ ಮೇಲೆ ಬಿಳಿ ಗೆರೆ ಎಳೆದ ಮಡಕೆ ಚೂರುಗಳು. ಇವುಗಳ ಮೇಲೆ ಕೆಡುಕಿನ ಗುರುತಿರಲಿಲ್ಲ. ಆ ಪೆಟ್ಟಿಗೆಗಳ ಹಿಂಬದಿಗೆ 25 ಮಿ.ಮೀ.ನ ಎರಡೆರಡು ತೂತು ಕೊರೆದು, ದೂಳು ನುಗ್ಗದಂತೆ ಸೋಸು ಬಟ್ಟೆ ಕಟ್ಟಿ ಗಾಳಿಯಾಡಲು ಬಿಟ್ಟದ್ದೇ ಚಿಕಿತ್ಸೆ.

ಎಲ್ಲರ ಕಣ್ಣು ತಪ್ಪಿದ್ದು ಶಂಖದ ಬಳೆಗಳ ಪೆಟ್ಟಿಗೆ. ಶಂಖ, ಕವಡೆ ಎಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್. ಅಸಿಟಿಕ್ ಆಮ್ಲಕ್ಕೆ ಅವೂ ಬಲಿ. ಬಳೆಗಳ ಮೇಲೆ ಸಕ್ಕರೆ ಹರಳಿನಂಥ ಬೆಳ್ಳನೆ ಪದರ ಆಗಲೇ ಶುರುವಾಗಿತ್ತು, ಬಿಳಿ ಬಳೆಯ ಮೇಲೆ ಬಿಳಿ ಹರಳು ಯಾರಿಗೂ ಕಂಡಿರಲಿಲ್ಲ. ಹಾಗಾಗಿ ನಾಣ್ಯದ ಮೂರು, ಬಳೆಯದೊಂದು, ನಾಲ್ಕು ಪೆಟ್ಟಿಗೆ ಹೊಸದಾಗಿ ಉಕ್ಕಿನವು. ತಾಳೆಗರಿಯ ಎರಡು ಪೆಟ್ಟಿಗೆಗಳ ಮೈ ಹಾಗೇ ಇಟ್ಟು, ಒಳಗೆ ಅಲ್ಯೂಮಿನಿಯಂ-ಪಾಲಿಥೀನ್ ಪದರದ ಹಾಳೆ ಹೊದಿಸಿ, ಕೂಡುಗಳನ್ನು ಇಸ್ತ್ರಿಪೆಟ್ಟಿಗೆಯಿಂದ ಬೆಸೆದು, ದೀಪ ಮತ್ತು ಅಡಾಪ್ಟರನ್ನು ಹೊರಗೆ ಹಾಕಲಾಯಿತು. ಮರಕ್ಕೆ ಬಣ್ಣ ಬಳಿದರೆ ಆವಿ ನಿಲ್ಲುತ್ತದೆ ಎನ್ನುವುದು ಹುಸಿ ನಂಬಿಕೆ. ಸ್ವಲ್ಪ ತಗ್ಗುತ್ತದೆ, ನಿಲ್ಲುವುದಿಲ್ಲ. ಬಣ್ಣ ತನ್ನದನ್ನೂ ಸೇರಿಸುತ್ತದೆ.

ಉಕ್ಕಿನ ಪೆಟ್ಟಿಗೆ

ಕೆಲಸ ನಡೆದದ್ದು ದಾವಣಗೆರೆಯ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ. ಹೊರದೇಶದ ಸಾಮಾನು ಒಂದೂ ಬೇಕಾಗಲಿಲ್ಲ. ಚೌಕಟ್ಟಿಗೆ 40×40×2 ಮಿ.ಮೀ. ಚೌಕ ಪೈಪು, ವಸ್ತು ಕೂರುವ ತಟ್ಟೆಗೆ 16 ಗೇಜ್ ಹಾಳೆ, ತಟ್ಟೆಯ ಅಡಿಯ ಡ್ರಾಯರ್ ಪೆಟ್ಟಿಗೆಗೆ 18 ಗೇಜ್. ತಟ್ಟೆಯ ಎತ್ತರ ನೆಲದಿಂದ 820 ಮಿ.ಮೀ.; ಕೋಟೆ ನೋಡಲು ಬಸ್ಸಿನಲ್ಲಿ ಬರುವ ಶಾಲಾಮಕ್ಕಳಿಗೆ ತುದಿಗಾಲಲ್ಲಿ ನಿಲ್ಲದೆ ಕಾಣಬೇಕು. ಮುಂದಿನ ಕೆಳಪಟ್ಟಿಯನ್ನು ಬಿಟ್ಟದ್ದು ಗಾಲಿಕುರ್ಚಿಯ ಕಾಲುಮಣೆ ಒಳಹೋಗಲಿ ಎಂದು. ಆದರೆ ಹಾಗೆ ಬಿಟ್ಟ ಚೌಕಟ್ಟು ಹಗುರ, ಇಪ್ಪತ್ತು ಮಕ್ಕಳು ಒಮ್ಮೆಲೇ ಒರಗಿದರೆ ಜರುಗುತ್ತದೆ. ಕಲ್ಲುನೆಲಕ್ಕೆ, ಹಳೆಯ ಗೋಡೆಗೆ ಬೋಲ್ಟ್ ಹೊಡೆಯುವುದು ತಪ್ಪು. ಹಿಂಭಾಗದ ಕೆಳಪಟ್ಟಿಯ ಮೇಲೆ 1100×275×25 ಮಿ.ಮೀ.ನ ಎರಡು ಕಡಪ ಚಪ್ಪಡಿ ಮಲಗಿಸಿದರೆ ತಲಾ 20 ಕೆ.ಜಿ. ಭಾರ ಸಿಗುತ್ತದೆ, ಅಷ್ಟು ಸಾಕು.

ಮೇಲಿನ ಗಾಜಿನ ಗೂಡು ಐದು ಮುಖದ್ದು, 1200×600×300 ಮಿ.ಮೀ. ಗಾಜು ಲ್ಯಾಮಿನೇಟೆಡ್, 8.76 ಮಿ.ಮೀ.: 4 ಮಿ.ಮೀ.ನ ಎರಡು ಗಾಜು, ನಡುವೆ 0.76 ಪದರ. ಬರಿ ಟಫನ್ ಗಾಜು ಗಟ್ಟಿ, ಆದರೆ ಒಡೆದರೆ ಕಲ್ಲುಸಕ್ಕರೆಯಂತೆ ಪುಡಿಪುಡಿಯಾಗಿ ನಾಣ್ಯಗಳ ಮೇಲೆಯೇ ಸುರಿಯುತ್ತದೆ. ಲ್ಯಾಮಿನೇಟೆಡ್ ಬಿರುಕುಬಿಟ್ಟರೂ ಜಾಗದಲ್ಲೇ ನಿಲ್ಲುತ್ತದೆ, ಕಳ್ಳನಿಗೂ ಹೊತ್ತು ಹಿಡಿಯುತ್ತದೆ. ಗಾಜಿನ ತೂಕ ಚದರ ಮೀಟರಿಗೆ, ಒಂದು ಮಿ.ಮೀ. ದಪ್ಪಕ್ಕೆ 2.5 ಕೆ.ಜಿ. ಗೂಡಿನ ಒಟ್ಟು 1.8 ಚದರ ಮೀಟರಿಗೆ 37–38 ಕೆ.ಜಿ. ಆಗುತ್ತದೆ. ಇದನ್ನು ಪದೇ ಪದೇ ಎತ್ತುವಂತಿಲ್ಲ. ಎತ್ತಬೇಕಾಗಿಯೂ ಇಲ್ಲ, ಯಾಕೆಂದರೆ ತೇವ ಹೀರುವ ಸಿಲಿಕಾ ಜೆಲ್ ಕೂರುವುದು ತಟ್ಟೆಯ ಅಡಿಯ ಡ್ರಾಯರಿನಲ್ಲಿ. ಹಿಂದಿನಿಂದ ಎಳೆದು ಬದಲಿಸಬಹುದು. ತಟ್ಟೆಯ ನಾಲ್ಕೂ ಅಂಚಿಗೆ ಬಿಟ್ಟ 10 ಮಿ.ಮೀ. ಸಂದಿನಿಂದ ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ಓಡಾಟ.

ಜೆಲ್‌ನ ಲೆಕ್ಕ: ಘನ ಮೀಟರಿಗೆ 20 ಕೆ.ಜಿ. ಗೂಡು 0.216 ಘನ ಮೀಟರು, ಅಂದರೆ 4.3 ಕೆ.ಜಿ. ಒಂದೂವರೆ ಕೆ.ಜಿ.ಯ ಮೂರು ತಟ್ಟೆ ಮಾಡಿದರೆ ಎತ್ತಲು ಹಗುರ. ನೀಲಿ ಜೆಲ್ ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ. ಕಿತ್ತಳೆ ಬಣ್ಣದ್ದು ಸಿಗುತ್ತದೆ. ಲೋಹಕ್ಕೆ ಪೆಟ್ಟಿಗೆಯೊಳಗಿನ ತೇವಾಂಶ 40%ಕ್ಕಿಂತ ಕೆಳಗಿರಬೇಕು. ಚಿತ್ರದುರ್ಗದ ಬೇಸಿಗೆ ತಾನೇ ಒಣ, ಜೆಲ್‌ಗೆ ನಿಜವಾದ ದುಡಿಮೆ ಜೂನ್‌ನಿಂದ ಅಕ್ಟೋಬರ್‌ವರೆಗೆ.

ಎರಡು ಅಡಚಣೆ ಪೌಡರ್ ಕೋಟಿಂಗಿನಲ್ಲಿ ಬಂದವು. ಒಂದು ಚೌಕಟ್ಟಿನ ಮೈಮೇಲೆ ಸೂಜಿಮೊನೆಯಷ್ಟು ತೂತು, ಅಲ್ಲಲ್ಲಿ ಬೊಕ್ಕೆ. ಪೈಪಿನ ಎರಡೂ ತುದಿ ಬೆಸೆದು ಮುಚ್ಚಿತ್ತು; ಕೋಟಿಂಗಿಗೆ ಮೊದಲು ಅದ್ದುವ ತೊಟ್ಟಿಯ ನೀರು ವೆಲ್ಡಿಂಗಿನ ಸಣ್ಣ ಸಂದಿನಲ್ಲಿ ಒಳಸೇರಿ, ಓವನ್ನಿನಲ್ಲಿ ಆವಿಯಾಗಿ ಬಣ್ಣ ಸೀಳಿಕೊಂಡು ಹೊರಬಂದಿತ್ತು. ಪ್ರತಿ ಪೈಪಿಗೂ ಕಾಣದ ಕಡೆ 6 ಮಿ.ಮೀ. ತೂತು ಮೊದಲೇ ಕೊರೆದಿದ್ದರೆ ಇದಾಗುತ್ತಿರಲಿಲ್ಲ. ಇನ್ನೊಂದು, ಸರಿಯಾಗಿ ಬೇಯದ ಬಣ್ಣ. ಓವನ್ 190 ಡಿಗ್ರಿ ತೋರಿಸಿದ ಮಾತ್ರಕ್ಕೆ ಲೋಹ ಅಷ್ಟು ಕಾದಿದೆ ಎಂದಲ್ಲ; ದಪ್ಪ ಭಾಗ ತಡವಾಗಿ ಕಾಯುತ್ತದೆ. ಹತ್ತಿಗೆ ಅಸಿಟೋನ್ ಅದ್ದಿ ಕಾಣದ ಮೂಲೆಯಲ್ಲಿ ಇಪ್ಪತ್ತು ಸಲ ಉಜ್ಜಿದಾಗ ಒಂದು ತಟ್ಟೆಯ ಬಣ್ಣ ಹತ್ತಿಗೆ ಹತ್ತಿತು. ಮತ್ತೆ ಬೇಯಿಸಬೇಕಾಯಿತು. ಅರೆಬೆಂದ ಬಣ್ಣವನ್ನು ಒಳಗಿಟ್ಟರೆ ಪ್ಲೈವುಡ್ ತೆಗೆದದ್ದು ವ್ಯರ್ಥ.

ಗೂಡಿನ ಕೆಳಗಂಚಿಗೆ 25×25×3 ಮಿ.ಮೀ. ಅಲ್ಯೂಮಿನಿಯಂ ಆಂಗಲ್, ಅದರಡಿಗೆ ಬಿಳಿ ಸಿಲಿಕಾನ್ ಸ್ಪಂಜಿನ ಗ್ಯಾಸ್ಕೆಟ್. 6 ಮಿ.ಮೀ. ದಪ್ಪದ್ದು ಬಿಗಿದಾಗ 4ಕ್ಕೆ ಇಳಿಯಬೇಕು. ಗಾಜು ಬೆಸೆದ ಮೇಲೆ ಮೂರು ವಾರ ಬಾಯಿ ಮೇಲಾಗಿ ಶೆಡ್ಡಿನಲ್ಲಿ ತೆರೆದಿಟ್ಟದ್ದು ಬಲು ಮುಖ್ಯ. ಈ ಮೂರು ವಾರವನ್ನು ಒಪ್ಪಂದದಲ್ಲಿಯೇ ಬರೆಯಬೇಕು, ಇಲ್ಲವಾದರೆ ಉದ್ಘಾಟನೆಯ ದಿನಾಂಕ ಅದನ್ನು ನುಂಗಿಬಿಡುತ್ತದೆ.

ಅರ್ಧ ಚಮಚ ಸೋಡಾ

ಪೆಟ್ಟಿಗೆ ಎಷ್ಟು ಬಿಗಿ ಎಂದು ಕಣ್ಣಿಗೆ ತಿಳಿಯುವುದಿಲ್ಲ. ದಿನಕ್ಕೆ ಒಳಗಿನ ಗಾಳಿ ಒಂದು ಸಲ ಬದಲಾಗುವಷ್ಟು ಬಿಗಿ ಇದ್ದರೆ ಮೇಲಿನ ಜೆಲ್ ಲೆಕ್ಕ ನಡೆಯುತ್ತದೆ. ಅದನ್ನು ಅಳೆಯಲು ಖಾಲಿ ಪೆಟ್ಟಿಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಮೀಟರನ್ನಿಟ್ಟು, ಬಟ್ಟಲಲ್ಲಿ ಅರ್ಧ ಟೀ ಚಮಚ ಅಡುಗೆ ಸೋಡಾ ಹಾಗೂ ಅಷ್ಟೇ ನಿಂಬೆ ಉಪ್ಪು ಹಾಕಿ, ಎರಡು ಚಮಚ ನೀರು ಸುರಿದು ತಕ್ಷಣ ಗೂಡು ಮುಚ್ಚಿ ಬಿಗಿಯಬೇಕು. ವಿನೆಗರ್ ಮಾತ್ರ ಬೇಡ. ಎರಡೂವರೆ ಗ್ರಾಂ ಸೋಡಾದಿಂದ ಒಳಗಿನ ಮಟ್ಟ 3000 ಪಿಪಿಎಂನಷ್ಟು ಏರುತ್ತದೆ. ಕೋಣೆಯ ಮಟ್ಟಕ್ಕಿಂತ ಮೇಲಿರುವ ಹೆಚ್ಚುವರಿ ಅರ್ಧಕ್ಕೆ ಇಳಿಯಲು ಎಷ್ಟು ಗಂಟೆ ಎಂದು ನೋಡಿ, 16.6ನ್ನು ಆ ಗಂಟೆಗಳಿಂದ ಭಾಗಿಸಿದರೆ ದಿನಕ್ಕೆ ಎಷ್ಟು ಸಲ ಗಾಳಿ ಬದಲಾಗುತ್ತದೆಂದು ಸಿಗುತ್ತದೆ.

ಮೊದಲ ಪೆಟ್ಟಿಗೆ ಐದು ಗಂಟೆಗೆ ಅರ್ಧಕ್ಕಿಳಿಯಿತು. ದಿನಕ್ಕೆ ಮೂರು ಸಲಕ್ಕೂ ಹೆಚ್ಚು, ಆಗದು. ಸೋರುವ ಜಾಗ ಹುಡುಕಲು ಗ್ಯಾಸ್ಕೆಟ್ ಸುತ್ತ ಕಾಗದದ ಪಟ್ಟಿಗಳನ್ನಿಟ್ಟು ಬಿಗಿದು ಎಳೆದು ನೋಡಿದಾಗ, ಮೂಲೆಗಳಲ್ಲಿ ಕಾಗದ ಹರಿಯಿತು, ಉದ್ದ ಬದಿಯ ನಡುವೆ ಸಲೀಸಾಗಿ ಜಾರಿ ಬಂತು. ಸುತ್ತಳತೆ 3.6 ಮೀಟರು, ಸ್ಕ್ರೂ ಆರೇ ಇದ್ದವು; 600 ಮಿ.ಮೀ. ಅಂತರಕ್ಕೆ ಆಂಗಲ್ ನಡುವೆ ಬಿಲ್ಲಿನಂತೆ ಉಬ್ಬಿತ್ತು. 300 ಮಿ.ಮೀ.ಗೊಂದರಂತೆ ಹನ್ನೆರಡು ಎಂ6 ಸ್ಕ್ರೂ ಹಾಕಲಾಯಿತು. ಇನ್ನೊಂದು ಸೋರಿಕೆ ಯಾರೂ ಎಣಿಸದ ಕಡೆ, ಡ್ರಾಯರಿನ ಹಿಡಿಕೆಯ ಸ್ಕ್ರೂ ತೂತಿನಲ್ಲಿ. ಎರಡನ್ನೂ ಸರಿಪಡಿಸಿದ ಮೇಲೆ 15 ಗಂಟೆ ಬಂತು.

ಸಾಗಣೆ, ಜೋಡಣೆ

ದಾವಣಗೆರೆಯಿಂದ ಚಿತ್ರದುರ್ಗ ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ. ಚೌಕಟ್ಟು ಬೇರೆ, ಗೂಡು ಬೇರೆ. ಗೂಡನ್ನು ಕೆಳಗಂಚಿನ ಮೇಲೆಯೇ ಕೂರಿಸಿ, ಅಡಿಗೆ 50 ಮಿ.ಮೀ. ಇಪಿಇ ಹಾಸಿ, ಹಗ್ಗ ಗಾಜಿಗೆ ತಾಗದಂತೆ ಹೊರಗಿನ ಮರದ ಚೌಕಟ್ಟಿಗೆ ಕಟ್ಟಬೇಕು. ಭರಮಸಾಗರದ ಹತ್ತಿರ ಒಮ್ಮೆ ನಿಲ್ಲಿಸಿ ಹಗ್ಗ ಬಿಗಿದದ್ದು ಒಳ್ಳೆಯದಾಯಿತು, ಎರಡು ಸಡಿಲವಾಗಿದ್ದವು. ಸಂಗ್ರಹಾಲಯದ ಬಾಗಿಲ ಅಗಲ 820 ಮಿ.ಮೀ., ಹೊಸ್ತಿಲು 200 ಎತ್ತರ. ಈ ಎರಡು ಅಳತೆ ತೆಗೆದುಕೊಂಡೇ ಪೆಟ್ಟಿಗೆಯ ಅಗಲ 600 ಎಂದು ಗೊತ್ತುಮಾಡಿದ್ದು. ಹೊರಚೌಕಟ್ಟು ಸೇರಿ 720, ಬೆರಳಿಗೆ ಜಾಗ ಉಳಿಯಿತು.

ನೆಲದ ಚಪ್ಪಡಿಗಳು ಮೋರಿಯ ಕಡೆಗೆ ಇಳಿಜಾರು, 1200 ಮಿ.ಮೀ.ಗೆ 14 ಮಿ.ಮೀ. ಎಂ12 ಲೆವೆಲಿಂಗ್ ಕಾಲುಗಳಿಂದ ರಸಮಟ್ಟ ಸರಿ ಮಾಡುವುದು ಸುಲಭ. ಆದರೆ ರಸಮಟ್ಟ ಒಂದನ್ನೇ ನಂಬಿದರೆ ಚೌಕಟ್ಟು ತಿರುಚಿಕೊಂಡಿರುವುದು ತಪ್ಪಿಹೋಗುತ್ತದೆ. ನಾಲ್ಕು ಕಾಲಿನಲ್ಲಿ ಮೂರು ಭಾರ ಹೊತ್ತು ಒಂದು ಬರಿದೇ ತಾಗಿರುತ್ತದೆ. ಆ ತಿರುಚು ಗಾಜಿನ ಕೂಡಿಗೆ ಏರಿ ಸಿಲಿಕಾನ್ ಸೀಳುತ್ತದೆ. ಬಡಗಿಗಳ ಹಳೆಯ ಉಪಾಯವೇ ಇದಕ್ಕೆ ಮದ್ದು: ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿಯಾಗಿ ಎಳೆದು, ನಡುವೆ ಒಂದನ್ನೊಂದು ಸವರುತ್ತವೆಯೇ ನೋಡುವುದು. ಎರಡನೆಯ ಪೆಟ್ಟಿಗೆಯಲ್ಲಿ ದಾರಗಳ ನಡುವೆ 3 ಮಿ.ಮೀ. ಅಂತರವಿತ್ತು, ರಸಮಟ್ಟ ಮಾತ್ರ ನಡುವೆಯೇ ನಿಂತಿತ್ತು. ಕಡಪ ಚಪ್ಪಡಿ ಇಟ್ಟ ಮೇಲೆ ಇದನ್ನೆಲ್ಲ ಇನ್ನೊಮ್ಮೆ ನೋಡಬೇಕು, ಭಾರ ಬಿದ್ದಾಗ ಕಾಲು ಕೂರುತ್ತದೆ. ಆಮೇಲೆ ಗೂಡು, ನಾಲ್ಕು ಸಕ್ಷನ್ ಕಪ್ಪು, ನಾಲ್ಕು ಜನ.

ಒಳಗಿನ ಹಾಸಿಗೆ 12 ಮಿ.ಮೀ. ಇಪಿಇ ಫೋಮಿನದು. ಪ್ರತಿ ನಾಣ್ಯದ ಅಳತೆಗೆ ಗುಳಿ ಕೊರೆದು, ಮೇಲೆ ಕೋರಾ (ಬಿಳುಪು ಮಾಡದ ಹತ್ತಿ) ಬಟ್ಟೆ. ಒಂದು ಕಾಲಕ್ಕೆ ಬಟ್ಟೆಗಿರಣಿಗಳ ಊರಾಗಿದ್ದ ದಾವಣಗೆರೆಯಲ್ಲಿ ಕೋರಾ ಸಿಗುವುದು ಕಷ್ಟವಲ್ಲ, ಅದರ ಗಂಜಿ ತೆಗೆಯುವುದು ಕಷ್ಟ. ಸೋಪಿಲ್ಲದೆ ಮೂರು ಸಲ ಕುದಿಸಿ ಜಾಲಿಸಿ, ಮೂಲೆಗೆ ಒಂದು ಹನಿ ಅಯೋಡಿನ್ ಬಿಟ್ಟರೆ ನೀಲಿಗಪ್ಪಾಗಬಾರದು. ಎರಡನೆಯ ಕುದಿತದ ನಂತರವೂ ಇಲ್ಲಿ ನೀಲಿ ಬಂದಿತ್ತು. ಬಟ್ಟೆಗೆ ಅಂಟು ಹಚ್ಚಲಿಲ್ಲ. ಫೋಮಿನ ಅಂಚಿನಲ್ಲಿ ಸೀಳು ಮಾಡಿ, ಚಮಚದ ಹಿಡಿಯಿಂದ ಒಳಕ್ಕೆ ತುರುಕಿದರೆ ನಿಲ್ಲುತ್ತದೆ.

ದೀಪ ಈಗ ಹೊರಗಿನ ಕಂಬದ ಮೇಲಿದೆ, ಓರೆಯಾಗಿ ಬೀಳುವುದರಿಂದ ನಾಣ್ಯದ ಉಬ್ಬು ತಗ್ಗು ಎದ್ದು ಕಾಣುತ್ತದೆ. ಲೋಹಕ್ಕೆ ಬೆಳಕಿನ ಭಯವಿಲ್ಲ. ತಾಳೆಗರಿಗೆ 50 ಲಕ್ಸ್ ದಾಟಬಾರದು. ವಿವರಪಟ್ಟಿಗಳು ಗೂಡಿನ ಹೊರಗೆ, 20 ಪಾಯಿಂಟ್ ಅಕ್ಷರದಲ್ಲಿ. ಕನ್ನಡಕ್ಕೆ ಸಾಲಿನ ಅಂತರ ಒಂದೂವರೆ ಪಟ್ಟು ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ.

ಆರು ತಿಂಗಳ ನಂತರ

ಉಕ್ಕಿನ ನಾಲ್ಕರಲ್ಲೂ, ತಾಳೆಗರಿಯ ಎರಡರಲ್ಲೂ ಹೊಳಪು ಬರುವಂತೆ ಉಜ್ಜಿದ ಸೀಸದ ಒಂದೊಂದು ಪಟ್ಟಿ ಇಡಲಾಗಿತ್ತು, ಬೆನ್ನಿಗೆ ತಾರೀಖು ಗೀಚಿ. ನಾಣ್ಯ ಕೆಡುವ ಮೊದಲು ಅದು ಕೆಡಲಿ ಎಂದು. ಉಕ್ಕಿನ ಪೆಟ್ಟಿಗೆಗಳ ಪಟ್ಟಿ ಮಂಕಾಗಿದ್ದವು, ಬಿಳುಪು ಇಲ್ಲ. ಮಳೆಗಾಲದ ತೇವಾಂಶ ಮೂರರಲ್ಲಿ 33ರಿಂದ 38%ದೊಳಗೆ ನಿಂತಿತ್ತು. ಜೆಲ್ ತಟ್ಟೆಗಳನ್ನು ಎರಡು ಸಲ ತೆಗೆದು 110 ಡಿಗ್ರಿಯಲ್ಲಿ ಒಣಗಿಸಬೇಕಾಯಿತು. ಶಂಖದ ಬಳೆಗಳ ಪೆಟ್ಟಿಗೆಗೆ ಅಷ್ಟು ಒಣ ಬೇಡ, ಅಲ್ಲಿ 50%ಕ್ಕೆ ಹದ ಮಾಡಿದ ಜೆಲ್ ಇದೆ.

ತಾಳೆಗರಿಯ ಪೆಟ್ಟಿಗೆಗಳಲ್ಲಿ ಒಂದರ ಪಟ್ಟಿ ಒಂದು ಮೂಲೆಯಲ್ಲಿ ಬೆಳ್ಳಗಾಗಿತ್ತು. ಹಾಳೆ ಬಿಡಿಸಿ ನೋಡಿದರೆ ಕೀಲಿನ ಎರಡು ಸ್ಕ್ರೂ ಅಲ್ಯೂಮಿನಿಯಂ ಹಾಳೆಯನ್ನು ಚುಚ್ಚಿಕೊಂಡು ಒಳಬಂದಿದ್ದವು; ಆ ಎರಡು ತೂತಿನಿಂದ ಪ್ಲೈವುಡ್ ಉಸಿರಾಡುತ್ತಿತ್ತು. ಸ್ಕ್ರೂಗಳನ್ನು 12 ಮಿ.ಮೀ.ಗೆ ಕತ್ತರಿಸಿ, ತೂತಿನ ಮೇಲೆ ಅಲ್ಯೂಮಿನಿಯಂ ಟೇಪಿನ ಎರಡು ಪದರ ಹಚ್ಚಿ, ಹೊಸ ಸೀಸದ ಪಟ್ಟಿಯನ್ನು ಅದೇ ಮೂಲೆಯಲ್ಲಿ ಇಡಲಾಗಿದೆ.